ಗಂಗಾಥಾಲಿಯ ಬಾಯಿ ಬಿಚ್ಚಿದ ಮೇಲೆ

ನಾನು ನಿವೃತ್ತಳಾದ ಸುದ್ದಿ ನನ್ನ ಕೈಗಳಿಗೆ ಇನ್ನೂ ಮುಟ್ಟಿಲ್ಲ. ಮಧ್ಯಾಹ್ನ ಊಟವಾಗಿ ನಮ್ಮ ಯಜಮಾನರು ಎಡಮಗ್ಗುಲಾಗಿ ಮಲಗಿ ಗೊರಕೆ ತೆಗೆದರೆಂದರೆ, ಅಡುಗೆಮನೆಯಲ್ಲಿ ಮೆಂತ್ಯ ಸೋಸುತ್ತಿದ್ದವಳು ಎದ್ದು ಹೋಗಿ ಅವರನ್ನು ಬಲಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿ ಬರುತ್ತೇನೆ.

"ಏ, ನಾ ಇನ್ನೂ ಆರಾಮ ಇದ್ದೇನಿ. ನನಗ್ಯಾಕ ಪೇಶಂಟ್ ಮಾಡ್ತಿ?" ಎಂದು ಅವರು ಕಣ್ಣು ಮುಚ್ಚಿಕೊಂಡೇ ಗೊಣಗುತ್ತಾರೆ.

"ಆರಾಮ ಇದ್ದಾಗ್ನ ಹೊರಳಸಬೇಕ್ರಿ. ಹುಣ್ಣಾದ ಮ್ಯಾಲೆ ಹೊರಳಸಿ ಏನ್ ಮಾಡೋದು?" ಎನ್ನುತ್ತೇನೆ.

ಈ ಬರಹಕ್ಕೆ ಕಾರಣ ನನ್ನ ತಂಗಿಯ ಮಗಳು ಸ್ನೇಹಾ. ನರ್ಸಿಂಗ್ ಮುಗಿಸಿ ಇಲ್ಲೇ ನಾಗಪುರದ ಒಂದು ಐಸಿಯುಗೆ ಸೇರಿಕೊಂಡಿದ್ದಾಳೆ. "ಮೌಶಿ, ಟಿಪ್ಸ್ ಪಾಠವ್ ನಾ" ಎಂದಳು, ಕೆಲಸದ ಕಿವಿಮಾತು ಬರೆದು ಕಳಿಸು ಎಂದು ಫೋನಿನಲ್ಲಿ ಮರಾಠಿಯಲ್ಲಿ ಹಟ ಹಿಡಿದಳು. ಈ ಹುಡುಗಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಕಂಡರೆ ಮಾತ್ರ ಸೂಜಿ ಕಂಡ ಕೂಸಿನ ಹಾಗೆ ಹಿಂದೆ ಸರಿಯುತ್ತಾಳೆ. ಇರಲಿ. ನಾನು ಬರೆಯುವುದು ಕನ್ನಡದಲ್ಲಿಯೇ, ಅವಳವ್ವ ಓದಿ ಹೇಳಲಿ. ಔಷಧದ ಅಳತೆ, ಯಂತ್ರದ ಗುಂಡಿ ಇವನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ನನಗೆ ಹೇಳಬೇಕಾಗಿರುವುದು ಒಂದು ಚಮಚ ನೀರಿನ ಕಥೆ. ಆ ಒಂದು ಚಮಚ ಒಬ್ಬ ಮನುಷ್ಯನ ಗಂಟಲಲ್ಲಿ ಸರಿಯಾಗಿ ಇಳಿಯಲು ಎಷ್ಟು ಜನ ಬೇಕಾದರು ಅನ್ನುವುದನ್ನು ಹೇಳಬೇಕು. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೆರಡು ಕಡೆ ನಿಲ್ಲುತ್ತೇನೆ. ವಯಸ್ಸಾದವರ ಕೂಡ ನಡೆಯುವಾಗ ಅಷ್ಟು ತಾಳ್ಮೆ ಬೇಕು.

ಯಜಮಾನರಿಗೆ ರೈಲ್ವೆಯಲ್ಲಿ ನೌಕರಿ. ಧಾರವಾಡದ ಕಡೆಯ ಹುಡುಗಿಯಾದ ನಾನು ಅವರ ಹಿಂದೆ ನಾಗಪುರಕ್ಕೆ ಬಂದೆ. ಬಂದ ಹೊಸತರಲ್ಲಿ ಇಲ್ಲಿಯ ಬಿಸಿಲಿಗೆ ಹೆದರಿ ಮನೆಯಲ್ಲೇ ಕೂತಿದ್ದೆ. ಕಲಿತ ನರ್ಸಿಂಗ್ ಕೊಳೆಯುತ್ತಿದೆಯಲ್ಲ ಎಂದು ಅತ್ತೆಯವರೇ ನೂಕಿದ ಮೇಲೆ ಒಂದು ಆಸ್ಪತ್ರೆಗೆ ಸೇರಿದೆ. ಹಾಕಿದ್ದು ಅತಿ ಗಂಭೀರ ರೋಗಿಗಳ ವಾರ್ಡಿಗೆ. ಅಲ್ಲಿಯ ಒಡತಿ ಏಲಿಯಮ್ಮ ಸಿಸ್ಟರ್. ಕೇರಳದವರು, ಅವರ ಹಿಂದಿಗೆ ತೆಂಗಿನೆಣ್ಣೆಯ ಒಗ್ಗರಣೆ. ಮೊದಲ ದಿನ ನಾನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ರಾಯರನ್ನು ನೆನೆಯುತ್ತಿದ್ದೆ. ಬೆನ್ನ ಹಿಂದಿನಿಂದ ಧ್ವನಿ ಬಂತು.

"ಸುಧಾ, ತುಮ್ಹಾರಾ ಭಗವಾನ್ ಬಾಹರ್, ಮೇರಾ ಭೀ ಬಾಹರ್. ಅಂದರ್ ಸಿರ್ಫ್ ಸಾಬೂನ್."

ನಿನ್ನ ದೇವರೂ ಹೊರಗೆ, ನನ್ನ ದೇವರೂ ಹೊರಗೆ, ಒಳಗೆ ಬರೀ ಸೋಪು! ಆ ಹೊತ್ತಿಗೆ ನನಗೆ ಬಹಳ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ಆ ಹೆಂಗಸು ಕೈ ತೊಳೆಯುವಾಗಲೆಲ್ಲ ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಿದ್ದರು. ಪ್ರಾರ್ಥನೆ ಮುಗಿಯುವವರೆಗೆ ನಲ್ಲಿಯ ಮುಂದಿನಿಂದ ಕದಲುತ್ತಿರಲಿಲ್ಲ. ನಾನೂ ಅದೇ ಹಾದಿ ಹಿಡಿದೆ. ಸೋಪು ಹಚ್ಚಿ ಒಂದು ಶ್ಲೋಕ ಮುಗಿಸುವಷ್ಟರಲ್ಲಿ ಬೆರಳ ಸಂದಿಯೆಲ್ಲ ಸ್ವಚ್ಛ, ಮನಸ್ಸೂ ಅಷ್ಟಿಷ್ಟು.

ರೋಗಿಯ ಮಗ್ಗುಲು ಬದಲಿಸುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಜೋಳದ ರೊಟ್ಟಿ ಬೇಯಿಸಿದ ಕೈ ಇದು. ಹೊತ್ತಿಗೆ ಸರಿಯಾಗಿ ತಿರುವದಿದ್ದರೆ ರೊಟ್ಟಿಗೆ ಕಪ್ಪು ಕಲೆ, ಮನುಷ್ಯನಿಗೆ ಕೆಂಪು ಕಲೆ. ಆ ಕೆಂಪು ಕಲೆ ನಾಳೆ ಹುಣ್ಣು, ನಾಡಿದ್ದು ಎಲುಬು ಕಾಣುವ ಗಾಯ. ಎರಡೆರಡು ಗಂಟೆಗೆ ಹೊರಳಿಸುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಯಾರೂ ಹಾರ ಹಾಕುವುದಿಲ್ಲ. ಆದರೆ ಸಂಜೆ ಆಟೋದಲ್ಲಿ ಮನೆಗೆ ಬರುವಾಗ ನಾನು ದೇವರ ಉಪಕಾರಗಳನ್ನು ನೆನೆಸಿಕೊಳ್ಳುತ್ತಿದ್ದೆ. ಇವರ ಬೆನ್ನು ಇನ್ನೂ ಕೆಂಪಾಗಿಲ್ಲ, ಅವರಿಗೆ ಚೆನ್ನಾಗಿ ಮೂತ್ರ ಹೋಯಿತು, ಇನ್ನೊಬ್ಬರು ತಾವಾಗಿಯೇ ಕೆಮ್ಮಿದರು. ದೇವರು ದೊಡ್ಡ ದೊಡ್ಡ ಪವಾಡ ಮಾಡಿದ್ದನ್ನು ನಾನು ಕಂಡಿಲ್ಲ. ಇಂಥ ಚಿಲ್ಲರೆ ಪವಾಡಗಳಿಗೆ ಮಾತ್ರ ಎಂದೂ ಕೊರತೆ ಆಗಲಿಲ್ಲ.

ತಪ್ಪುಗಳಿಗೂ ಕೊರತೆ ಇರಲಿಲ್ಲ. ಒಬ್ಬ ಮರಾಠಿ ಆಜಿ ಬಹಳ ದಿನ ಪ್ರಜ್ಞೆ ಇಲ್ಲದೆ ಮಲಗಿದ್ದರು. ಅವರ ಮೈ ಒರೆಸುವಾಗ ನಾನೂ ಇನ್ನೊಬ್ಬ ಸಿಸ್ಟರೂ ಮಂಚದ ಆಚೆ ಈಚೆ ನಿಂತು ನಮ್ಮ ನಮ್ಮ ಅತ್ತೆಯರ ಸುದ್ದಿ ಆಡುತ್ತಿದ್ದೆವು. ನಮ್ಮತ್ತೆ ನಾನು ಮಾಡಿದ ಎಣ್ಣೆಗಾಯಿ ಮುಟ್ಟದೆ ಬರೀ ಮಜ್ಜಿಗೆ ಅನ್ನ ಉಂಡು ಎದ್ದ ಕಥೆಯನ್ನು ಕಂತುಕಂತಾಗಿ ಹೇಳಿದ್ದೆ. ಮುಂದೆ ಆ ಆಜಿಗೆ ಎಚ್ಚರವಾಯಿತು, ಧ್ವನಿ ಬಂತು. ಮನೆಯವರೆಲ್ಲ ಸುತ್ತ ನಿಂತು ಮೊದಲ ಮಾತಿಗಾಗಿ ಕಾಯುತ್ತಿದ್ದರೆ, ಅವರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಕಾಯ್ ಹೋ ಸಿಸ್ಟರ್, ಸಾಸೂಬಾಯಿಂನೀ ವಾಂಗ್ಯಾಚೀ ಭಾಜಿ ಖಾಲ್ಲೀ ಕಾ ಶೇವಟೀ?"

ಕೊನೆಗೂ ನಿಮ್ಮತ್ತೆ ಬದನೆಕಾಯಿ ಪಲ್ಯ ತಿಂದರೇನು?

ಏಲಿಯಮ್ಮ ಸಿಸ್ಟರ್ ನನ್ನನ್ನು ಮೂಲೆಗೆ ಕರೆದು, ರೋಗಿಯ ಮೇಲಿಂದ ಮಾತು ದಾಟಿಸಬೇಡ, ರೋಗಿಯ ಜೊತೆ ಮಾತಾಡು ಎಂದು ಬುದ್ಧಿ ಹೇಳಿದರು. ಅಂದಿನಿಂದ ನಾನು ಪ್ರಜ್ಞೆ ಇಲ್ಲದವರಿಗೂ "ಈಗ ಎಡಕ್ಕೆ ಹೊರಳಸ್ತೇನಿ", "ಸ್ವಲ್ಪ ತಣ್ಣಗ ಹತ್ತತದ" ಎಂದು ಹೇಳಿಯೇ ಮುಟ್ಟುತ್ತಿದ್ದೆ. ಕನ್ನಡ ತಿಳಿಯದವರಿಗೂ ಅಷ್ಟೇ. ಯಾರೂ ತಕರಾರು ಮಾಡಲಿಲ್ಲ.

ನಮ್ಮ ಕಾಲದಲ್ಲಿ ಬದಲಾದ ಇನ್ನೊಂದು ಪದ್ಧತಿ ಬಾಯಿ ಸ್ವಚ್ಛ ಮಾಡುವುದು. ಮೊದಲು ಅದಕ್ಕೆ ಯಾರೂ ಮಹತ್ವ ಕೊಡುತ್ತಿರಲಿಲ್ಲ. ವೆಂಟಿಲೇಟರ್ ಉಸಿರು ಕೊಡುತ್ತದೆ, ಸಲೈನ್ ನೀರು ಕೊಡುತ್ತದೆ, ಬಾಯಿಗೇನು ಕೆಲಸ ಅನ್ನುವ ಲೆಕ್ಕ. ಆದರೆ ಉಪಯೋಗಿಸದ ಬಾಯಿ ಉಪಯೋಗಿಸದ ಬಚ್ಚಲಿನ ಹಾಗೆ. ಅಲ್ಲಿಯ ಹೊಲಸು ನೀರು ಇಳಿದು ಎದೆಗೆ ಸೇರಿದರೆ ನ್ಯುಮೋನಿಯಾ. ಅದಕ್ಕೇ ಮಂಚದ ತಲೆಯ ಕಡೆ ಎತ್ತಿಯೇ ಇಡಬೇಕು, ಬಾಯನ್ನು ದಿನಕ್ಕೆ ಹಲವು ಸಲ ಒರೆಸಿ ಸಕ್ಷನ್ ಯಂತ್ರದ ನಳಿಗೆಯಿಂದ ನೀರು ಎಳೆಯಬೇಕು ಎಂದು ಏಲಿಯಮ್ಮ ಸಿಸ್ಟರ್ ಬೆನ್ನು ಹತ್ತಿದರು. ನರ್ಸ್ ಹುಡುಗಿಯರು ಬೇಸರಪಟ್ಟುಕೊಂಡರು. ಕೈ ಸಾಲುತ್ತಿರಲಿಲ್ಲ. ಆ ಕೈಗಳು ಎಲ್ಲಿಂದ ಬಂದವು ಅನ್ನುವುದೇ ನಾನು ಹೇಳಹೊರಟ ಕಥೆ.

ಗುರುನಾಥ ನಮ್ಮ ಕಡೆಯ ಹುಡುಗ. ನಾಗಪುರದ ಸದರ್ ಬಡಾವಣೆಯಲ್ಲಿ ಮನೆ, ವಿಮಾನ ನಿಲ್ದಾಣದ ಹತ್ತಿರದ ಮಿಹಾನ್‌ನಲ್ಲಿ ವಿಮಾನ ರಿಪೇರಿಯ ಕೆಲಸ. ಒಂದು ದಿನ ಕಂಪನಿಯ ಕ್ಯಾಬ್ ತಪ್ಪಿತೆಂದು ಬೈಕ್ ಹತ್ತಿದ. ಹೆಲ್ಮೆಟ್ ಹಾಕಿದ್ದ, ಪಟ್ಟಿ ಕಟ್ಟಿರಲಿಲ್ಲ. ಬಿದ್ದಾಗ ಹೆಲ್ಮೆಟ್ ಒಂದು ಕಡೆ, ಇವನು ಒಂದು ಕಡೆ. ತಲೆಗೆ ಪೆಟ್ಟು ಬಿದ್ದು ನಮ್ಮಲ್ಲಿಗೆ ಬಂದ. ಬಾಯಿಯ ನಳಿಗೆ ತೆಗೆದು ಕುತ್ತಿಗೆಯಲ್ಲಿ ಸಣ್ಣ ತೂತು ಮಾಡಿ ಅಲ್ಲಿಂದ ಉಸಿರು ಕೊಡುತ್ತಿದ್ದರು. ಅವನ ತಾಯಿ ಇಂದಿರಾಬಾಯಿ, ಹೆಂಡತಿ ಮಾನಸಿ. ಮಾನಸಿ ಇಲ್ಲಿಯವಳೇ, ಮರಾಠಿ ಹುಡುಗಿ. ಅತ್ತೆ ಸೊಸೆ ಹೊರಗಿನ ಬೆಂಚಿನ ಎರಡು ತುದಿಗೆ ಕೂತು ನಡುವೆ ಟಿಫಿನ್ ಡಬ್ಬಿ ಇಟ್ಟುಕೊಂಡಿರುತ್ತಿದ್ದರು, ಗಡಿ ಕಲ್ಲಿನ ಹಾಗೆ.

ಒಂದು ಬೆಳಿಗ್ಗೆ ಡಾಕ್ಟರ್ ಸಾಹೇಬರು ಅವರಿಗೆ, ನಾವು ಎಲ್ಲ ಮಾಡುತ್ತಿದ್ದೇವೆ, ಉಳಿದದ್ದು ಮೇಲಿನವನ ಕೈಯಲ್ಲಿ ಎಂದರು. ಅವರ ಮಟ್ಟಿಗೆ ಅದು ಧೈರ್ಯದ ಮಾತು, ದಿನಾ ಹೇಳುವ ಮಾತು. ಇಂದಿರಾಬಾಯಿಗೆ ಮಾತ್ರ ಮಗನ ಕಥೆ ಮುಗಿಯಿತು ಎಂದೇ ತಿಳಿಯಿತು. ಸೊಸೆಯನ್ನು ಆಟೋದಲ್ಲಿ ಮನೆಗೆ ಓಡಿಸಿ ಗಂಗಾಥಾಲಿ ತರಿಸಿದರು.

ಗಂಗಾಥಾಲಿ ಅಂದರೆ ಕಾಶಿಯಿಂದ ಬಂದ, ಗಂಗೆ ತುಂಬಿ ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. ನಾಗಪುರದ ಕನ್ನಡ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ಕಾಶಿಗೆ ಹೋಗುವ ಊರ ನೆಂಟರಿಗೆಲ್ಲ ನಾವು ಸ್ಟೇಷನ್ನಿಗೆ ಬುತ್ತಿ ಒಯ್ಯುತ್ತೇವೆ, ಬರುವಾಗ ಅವರು ಒಂದು ಗಿಂಡಿ ಕೈಗಿಟ್ಟು ಋಣ ತೀರಿಸುತ್ತಾರೆ. ದೇವರ ಮನೆಯ ಮೂಲೆಯಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ. ಅದರ ಬಾಯಿ ಬಿಚ್ಚುವುದು ಎರಡೇ ಸಂದರ್ಭದಲ್ಲಿ. ಒಂದು ಗಂಗಾ ಸಮಾರಾಧನೆ, ಬಂಧುಬಳಗಕ್ಕೆ ಊಟ ಹಾಕಿ ತೀರ್ಥ ಹಂಚುವುದು. ಇನ್ನೊಂದು, ಮನೆಯಲ್ಲಿ ಯಾರದಾದರೂ ಉಸಿರು ಹೋಗುವ ಹೊತ್ತು.

ನಾನು ಬೇರೊಬ್ಬರ ಸಲೈನ್ ನೋಡಿ ತಿರುಗುವಷ್ಟರಲ್ಲಿ ಇಂದಿರಾಬಾಯಿ ಮಗನ ಮಂಚದ ಪಕ್ಕ ನಿಂತಿದ್ದರು. ಸೆರಗಿನೊಳಗಿಂದ ಗಿಂಡಿ ಹೊರಗೆ ಬಂದಿತ್ತು, ಬಾಯಿಯ ಬೆಸುಗೆ ಕಿತ್ತಿತ್ತು. ಚಮಚದಲ್ಲಿ ನೀರು, ನೀರಿನಲ್ಲಿ ತುಳಸಿ, ಚಮಚ ಗುರುನಾಥನ ತುಟಿಯ ಹತ್ತಿರ. ನಾನು ಹಾರಿ ಹೋಗಿ ಮಣಿಕಟ್ಟು ಹಿಡಿದೆ.

"ಬಿಡ ತಂಗಿ, ಕೈ ಬಿಡು."

"ಬ್ಯಾಡ್ರಿ ಅಮ್ಮಾ. ಅವರಿಗೆ ಈಗ ನುಂಗಲಿಕ್ಕೆ ಬರೂದಿಲ್ಲ. ನೀರು ಹೊಟ್ಟಿಗೆ ಹೋಗೂದಿಲ್ಲ, ಎದಿಗೆ ಹೋಗ್ತದ."

"ಗಂಗಾ ಅದು. ಗಂಗಾ ಯಾರಿಗೆ ಏನ್ ಕೆಡಕ ಮಾಡ್ಯಾಳ?"

"ಆಕಿ ಇಳದು ಬರೋವಾಗ ಹಿಡೀಲಿಕ್ಕೆ ಶಿವನ ತಲೀನ ಬೇಕಾತು. ನಿಮ್ಮ ಗುರುನಾಥನ ಎದಿಗೆ ತಡೀಲಿಕ್ಕೆ ಆಗ್ತದೇನ್ರಿ?"

ಅವರು ಕೈ ಇಳಿಸಿದರು, ಚಮಚದ ನೀರು ಹಾಸಿಗೆಯ ಮೇಲೆ ಚೆಲ್ಲಿತು. ಹೊರಗೆ ಕರೆದುಕೊಂಡು ಬಂದೆ. ಬೆಂಚಿನ ಮೇಲೆ ಕೂತ ಮೇಲೆ ನಿಧಾನವಾಗಿ ಹೇಳಿದರು. ಅವರ ಯಜಮಾನರು ಸಿವಿಲ್ ಲೈನ್ಸ್‌ನ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ಹೋಗಿಬಿಟ್ಟರಂತೆ. ಮನೆಯಲ್ಲಿ ಸಾಲಾಗಿ ಗಿಂಡಿಗಳಿದ್ದವು, ಬಾಯಿಗೆ ಒಂದು ಹನಿ ಬೀಳಲಿಲ್ಲ.

"ಅವರಿಗಂತೂ ಆಗಲಿಲ್ಲ. ಇವನಿಗೂ ಒಣಾ ಬಾಯಿಲೇ ಕಳಸಲೇನು? ನೀನೂ ನಮ್ಮಾಕೀನ ಇದ್ದಿ. ಹೇಳು."

ಸ್ನೇಹಾ, ಪುಸ್ತಕದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಆ ತಾಯಿಗೆ ಮಗನ ಬಾಯಿಗೆ ಗಂಗೆ ಬೀಳದಿದ್ದರೆ ಪರಲೋಕ ಕೆಡುತ್ತದೆ, ನನ್ನ ಲೆಕ್ಕದಲ್ಲಿ ಬಿದ್ದರೆ ಇಹಲೋಕವೇ ಕೆಡುತ್ತದೆ. ಅವನಿಗೆ ಆಗಲೇ ಒಮ್ಮೆ ಎದೆ ಕೆಟ್ಟು ಜ್ವರ ಬಂದು ಹೋಗಿತ್ತು. ಇನ್ನೊಂದು ಚಮಚ ಹೊಲಸು ಇಳಿದರೆ ಉಳಿಯುವವನಲ್ಲ. ಇಬ್ಬರೂ ದೇವರನ್ನು ನಂಬಿದವರೇ. ಜಗಳ ಬಂದಿದ್ದು ಒಂದು ಚಮಚಕ್ಕೆ.

ಅಷ್ಟರಲ್ಲಿ ಏಲಿಯಮ್ಮ ಸಿಸ್ಟರ್ ಬಂದರು. ನಾನು ವಿಷಯ ಹೇಳಿದೆ. ಅವರು ಗಿಂಡಿ ನೋಡಿದರು, ಮುದುಕಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇವರಿಗೆ ಮಗನ ಬಾಯಿಗೆ ನೀರು ಮುಟ್ಟಿಸಬೇಕು, ಅಷ್ಟೇ ತಾನೆ?" ಎಂದು ಹಿಂದಿಯಲ್ಲಿ ಕೇಳಿದರು. "ನಮ್ಮ ಹುಡುಗಿಯರಿಗೆ ಬಾಯಿ ಒರೆಸಲು ಕೈ ಸಾಲುತ್ತಿಲ್ಲ. ಇವರ ಕೈಗೆ ಹತ್ತಿ ಕೊಡು. ಸಕ್ಷನ್ ನೀನು ಹಿಡಿ. ಗಿಂಡಿ ಮಾತ್ರ ಬಾಗಿಲ ಹೊರಗೆ."

ನಾನು ಇಂದಿರಾಬಾಯಿಗೆ ಹೇಳಿದೆ: "ಅಮ್ಮಾ, ನೀವ ಅವರ ಬಾಯಿಗೆ ನೀರು ಮುಟ್ಟಸ್ರಿ. ಆದ್ರ ನಮ್ಮ ಸ್ವಚ್ಛ ನೀರು, ನಮ್ಮ ಹತ್ತಿ, ನಮ್ಮ ಪದ್ಧತಿ."

"ನಳದ ನೀರು ಗಂಗಾ ಹ್ಯಾಂಗ ಆಗ್ತದ?"

"ದಿನಾ ಸ್ನಾನ ಮಾಡೋವಾಗ ಬಕೇಟಿನ ನೀರಿಗೆ ಗಂಗಾ, ಯಮುನಾ ಎಲ್ಲಾರ್ನೂ ಕರೀತೀರಿಲ್ಲೋ? ಬಚ್ಚಲಕ್ಕ ಬರೋ ಗಂಗಾ ಐಸಿಯುಕ್ಕ ಬರೂದಿಲ್ಲೇನು? ನೀವು ಕರದು ನೋಡ್ರಿ."

ಇಂದಿರಾಬಾಯಿ ಗಿಂಡಿಯನ್ನು ಬೆಂಚಿನ ಕೆಳಗೆ ಸರಿಸಿ ಇಟ್ಟರು. ಆಮೇಲೆ, "ಪದ್ಧತಿ ಅಂದ್ರ ಏನು?" ಎಂದರು.

"ಮಡಿ" ಎಂದೆ. "ಕೈ ಮೊಣಕೈತನಕಾ ತೊಳಕೋಬೇಕು. ಬ್ಯಾರೆ ನಿಲುವಂಗಿ ಹಾಕೋಬೇಕು. ಆಮ್ಯಾಲೆ ಮೂಗು ಮುಟ್ಟಂಗಿಲ್ಲ, ಸೆರಗು ಮುಟ್ಟಂಗಿಲ್ಲ, ಫೋನಂತೂ ಮುಟ್ಟಂಗೇ ಇಲ್ಲ. ಮುಟ್ಟಿದ್ರ ಮೈಲಿಗಿ, ಮತ್ತ ಮೊದಲಿಂದ."

ಆ ಮುಖದಲ್ಲಿ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದು ಕಳೆ ಬಂತು. "ಇಷ್ಟೇ ಏನು? ಇದನ್ನ ನಾ ಹುಟ್ಟಿದಾಗಿಂದ ಮಾಡ್ಕೋತ ಬಂದೇನಿ ತಂಗಿ. ನನಗ ಕಲಸ್ತೀಯೇನು?"

ನಾವು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಕೈಗಳು ಅವು! ಸಣ್ಣ ಬಟ್ಟಲಿನ ಕುದಿಸಿ ಆರಿಸಿದ ನೀರಿಗೆ ಮಂತ್ರ ಹೇಳಿ, ಹತ್ತಿಯ ತುದಿ ತೋಯಿಸಿ ಹಿಂಡಿ, ವಸಡು, ನಾಲಿಗೆ, ಕೆನ್ನೆಯ ಒಳಗು ಎಲ್ಲ ಒರೆಸುತ್ತಿದ್ದರು. ನಾನು ಪಕ್ಕದಲ್ಲಿ ಸಕ್ಷನ್ ಹಿಡಿದು ನಿಂತು ಒಂದು ಹನಿಯೂ ಒಳಗೆ ಜಾರದಂತೆ ಎಳೆಯುತ್ತಿದ್ದೆ. ಅವರ ದೃಷ್ಟಿಯಲ್ಲಿ ಅದು ಗಂಗಾಭಿಷೇಕ, ನಮ್ಮ ದೃಷ್ಟಿಯಲ್ಲಿ ಬಾಯಿಯ ಸ್ವಚ್ಛತೆ. ಗುರುನಾಥನ ಬಾಯಿಗೆ ಎರಡೂ ಒಂದೇ.

ಆದರೆ ಮಡಿಯವರನ್ನು ಒಳಗೆ ಬಿಟ್ಟುಕೊಂಡರೆ ಅವರು ಸುಮ್ಮನಿರುತ್ತಾರೆಯೇ? ಒಂದು ದಿನ ನಾನು ಜಾರುತ್ತಿದ್ದ ಮಾಸ್ಕನ್ನು ಬೆರಳಿನಿಂದ ಏರಿಸಿಕೊಂಡು ಗುರುನಾಥನ ಕಡೆ ಬಂದೆ.

"ಸುಧಾ, ಮೈಲಿಗಿ!"

ಇಡೀ ವಾರ್ಡು ತಿರುಗಿ ನೋಡಿತು. ಮರಳಿ ಹೋಗಿ ಕೈ ತೊಳೆದುಕೊಂಡು ಬಂದೆ. ಮಾರನೆಯ ದಿನ ಏಲಿಯಮ್ಮ ಸಿಸ್ಟರಿಗೇ ಅದು ತಗಲಿತು, ಜೇಬಿನ ಪೆನ್ನು ಮುಟ್ಟಿದ್ದಕ್ಕೆ. "ಯೇ ಮೈಲಿಗಿ ಕ್ಯಾ ಹೈ?" ಎಂದು ನನ್ನನ್ನು ಕೇಳಿದರು. ಅರ್ಥ ಹೇಳಿದೆ. ಅಂದಿನಿಂದ ನಮ್ಮ ವಾರ್ಡಿನಲ್ಲಿ ಕೇರಳದವರು, ಮರಾಠಿಯವರು, ಛತ್ತೀಸಗಡದ ಆಯಾ ಎಲ್ಲರೂ ಕೈ ತೊಳೆಯದವರನ್ನು ಕಂಡರೆ "ಮೈಲಿಗಿ, ಮೈಲಿಗಿ" ಎಂದು ಕೂಗುವವರೇ. ಹೊಸ ಡಾಕ್ಟರರೊಬ್ಬರು ಇದು ಯಾವುದೋ ಸೋಂಕಿನ ಹೆಸರು ಎಂದುಕೊಂಡಿದ್ದರಂತೆ. ಪೂರಾ ತಪ್ಪಲ್ಲ.

ಜ್ವರ ಇಳಿಯಿತು. ಗುರುನಾಥ ಕಣ್ಣು ತೆರೆದ, ಹೇಳಿದರೆ ಬೆರಳು ಹಿಂಡಿದ, ವೆಂಟಿಲೇಟರ್ ಬಿಟ್ಟು ಸ್ವಂತ ಉಸಿರಾಡಿದ. ಉಳಿದದ್ದು ನುಂಗುವುದು. ಅದು ಬಂದರೇ ಮನೆಯ ದಾರಿ. ನೇರವಾಗಿ ಕೂರಿಸಿ, ಗದ್ದವನ್ನು ಎದೆಯ ಕಡೆ ಬಗ್ಗಿಸಿ, ಒಂದೇ ಚಮಚ ನೀರು. ಗದ್ದ ಬಗ್ಗಿಸಿದರೆ ಕೆಲವರಿಗೆ ಉಸಿರಿನ ದಾರಿ ಮುಚ್ಚಿಕೊಂಡು ಅನ್ನದ ದಾರಿ ತೆರೆದುಕೊಳ್ಳುತ್ತದೆ. ಮೊದಲ ಸಲ ಕೆಮ್ಮಿ ಕೆಮ್ಮಿ ನೀಲಿಯಾದ. ನಿಲ್ಲಿಸಿದೆವು. ಹೊರಗೆ ಇಂದಿರಾಬಾಯಿ ಬೆಂಚಿನ ಕೆಳಗೆ ಇಟ್ಟಿದ್ದ ಗಿಂಡಿಯನ್ನು ಮತ್ತೆ ಮಡಿಲಿಗೆ ಎತ್ತಿಕೊಂಡರು. ಬಾಯಿ ಬಿಚ್ಚಿದ ಗಿಂಡಿ ಒಂದು ಜೀವ ಒಯ್ಯದೆ ಬರಿದೇ ತಿರುಗಿ ಹೋಗುವುದಿಲ್ಲ ಅನ್ನುವ ಮಾತು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಎದೆ ತಿಳಿಯಾಗಲು ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನ ಮಾಡಿದೆವು. ಈ ಸಲ ತಾಯಿ, ಹೆಂಡತಿ ಇಬ್ಬರನ್ನೂ ಒಳಗೆ ಕರೆದೆವು. "ಗುರುನಾಥ, ಗದ್ದ ಕೆಳಗ. ಇನ್ನಷ್ಟ ಕೆಳಗ. ಈಗ ನುಂಗು" ಎಂದೆ. ಚಮಚ ಖಾಲಿಯಾಯಿತು. ನಾವೆಲ್ಲ ಉಸಿರು ಹಿಡಿದು ಅವನ ಗಂಟಲಮಣಿಯನ್ನೇ ನೋಡುತ್ತಿದ್ದೆವು. ಅದು ಮೇಲೆ ಹೋಯಿತು. ನಿಂತಿತು. ಕೆಳಗೆ ಇಳಿಯಿತು.

ಕೆಮ್ಮಲಿಲ್ಲ.

ಮಾನಸಿ ಅತ್ತೆಯ ತೋಳು ಹಿಡಿದುಕೊಂಡಳು. ಇಂದಿರಾಬಾಯಿ ಕೈ ಮುಗಿದರು. ನಾನು ತಿರುಗಿ ನೋಡುತ್ತೇನೆ, ಏಲಿಯಮ್ಮ ಸಿಸ್ಟರ್ ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದಾರೆ!

"ಸಿಸ್ಟರ್, ಭಗವಾನ್ ತೋ ಬಾಹರ್ ಥಾ ನಾ?" ಎಂದು ಕಿಚಾಯಿಸಿದೆ.

"ಹಾಥ್ ಧೋಕೇ ಆಯಾ ಹೈ" ಎಂದರು. ದೇವರು ಕೈ ತೊಳೆದುಕೊಂಡೇ ಒಳಗೆ ಬಂದಿದ್ದಾನೆ.

ಗುರುನಾಥ ಮನೆಗೆ ಹೋದ. ಗಿಂಡಿಯೂ ಹೋಯಿತು. ಆದರೆ ಸಾವಿಗೆಂದು ಬಿಚ್ಚಿದ್ದು, ಸಾವು ಬರಲಿಲ್ಲ. ಈಗ ಅದನ್ನು ಏನು ಮಾಡುವುದು? ಬಂಧುಗಳು ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸಿದ್ದರು. ಇಂದಿರಾಬಾಯಿ ನನಗೆ ಫೋನ್ ಮಾಡಿ ಕೇಳಿದರು.

"ಅಮ್ಮಾ, ಅದರ ಬಾಯಿ ಬಿಚ್ಚಲಿಕ್ಕೆ ಎರಡ ಕಾರಣ ಅವ ಅಲ್ಲೇನ್ರಿ? ಒಂದು ತಪ್ಪಿತು, ಇನ್ನೊಂದು ಮಾಡಿಬಿಡ್ರಿ. ಸಮಾರಾಧನಿ! ಆದ್ರ ನೀರು ಕುದಿಸಿ ಆರಿಸಿ ಹಂಚಬೇಕು, ಇಲ್ಲಾಂದ್ರ ನಾ ಬರೂದಿಲ್ಲ."

"ಗಂಗಾನ್ನ ಕುದಸೂದೇನ?"

"ಕಾಶಿ ಬಿಸಲಾಗ ದಿನಾ ಕಾಯ್ತಾಳ್ರಿ. ಸ್ಟೋವಿಗೆ ಅಂಜತಾಳೇನು?"

ಕುದಿಸಿದರು. ಸದರ್‌ನ ಅವರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಹೋಳಿಗೆ, ಚಿತ್ರಾನ್ನ, ಮಾನಸಿಯ ಕೈಯ ಕೋಶಿಂಬರಿ. ಏಲಿಯಮ್ಮ ಸಿಸ್ಟರೂ ಸೀರೆ ಉಟ್ಟು ನನ್ನ ಪಕ್ಕದಲ್ಲಿ ಕೂತಿದ್ದರು. ಮೊದಲ ತೀರ್ಥ ಗುರುನಾಥನಿಗೆ. ಕುತ್ತಿಗೆಯ ಗಾಯದ ಗುರುತಿನ ಮೇಲೆ ಶಲ್ಯ ಹೊದ್ದು ಕೂತಿದ್ದವನು ಅಂಗೈಯಲ್ಲಿ ತೀರ್ಥ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಗದ್ದವನ್ನು ಎದೆಗೆ ಒತ್ತಿ, ಕಣ್ಣು ಮುಚ್ಚಿ, ಒಂದು ಕ್ಷಣ ತಡೆದು, ನುಂಗಿದ. ನಾವು ಕಲಿಸಿದ ಹಾಗೆಯೇ.

ಅವನ ಪಕ್ಕದಲ್ಲಿ ಕೂತಿದ್ದ ಸೋದರಮಾವ ಅದನ್ನು ಸೂಕ್ಷ್ಮವಾಗಿ ನೋಡಿದರು. ಗಂಗಾತೀರ್ಥಕ್ಕೆ ಇದು ಬೇರೆಯ ವಿಧಿ ಇರಬೇಕು ಎಂದುಕೊಂಡು ತಾವೂ ಗದ್ದ ಎದೆಗೆ ಒತ್ತಿ, ಕಣ್ಣು ಮುಚ್ಚಿ, ತಡೆದು, ನುಂಗಿದರು. ಅವರನ್ನು ನೋಡಿ ಅವರ ಹೆಂಡತಿ. ಅವರನ್ನು ನೋಡಿ ಮುಂದಿನವರು. ಹೀಗೆ ಇಡೀ ಪಂಕ್ತಿ ಒಬ್ಬರಾದ ಮೇಲೆ ಒಬ್ಬರು ಭಕ್ತಿಯಿಂದ ಗದ್ದ ಬಗ್ಗಿಸಿತು. ಪುರೋಹಿತರೂ ಒಂದು ಕ್ಷಣ ಯೋಚಿಸಿ, ತಮಗೆ ತಿಳಿಯದ್ದು ಎಂದು ತೋರಿಸಿಕೊಳ್ಳದೆ ಬಗ್ಗಿಸಿದರು. ಏಲಿಯಮ್ಮ ಸಿಸ್ಟರಿನ ಭುಜ ನಗುವಿನಿಂದ ಕುಲುಕುತ್ತಿತ್ತು. "ಸಬ್ ಪಾಸ್" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮೊನ್ನೆ ಇಂದಿರಾಬಾಯಿಯವರ ಮನೆಯ ಪೂಜೆಗೆ ಹೋಗಿದ್ದೆ. ಸ್ನೇಹಾಳನ್ನೂ ಕರೆದುಕೊಂಡು ಹೋಗಿದ್ದೆ. ತೀರ್ಥ ಬಂದಾಗ ಈ ಹುಡುಗಿ ಲೋಕದವರ ಹಾಗೆ ತಲೆ ಹಿಂದಕ್ಕೆ ಎತ್ತಿ ಗಂಟಲಿಗೆ ಸುರಿದುಕೊಳ್ಳಲು ಹೋದಳು.

"ಏ ತಂಗಿ, ಹಂಗಲ್ಲ" ಎಂದು ಇಂದಿರಾಬಾಯಿ ತಡೆದರು. "ಗದ್ದ ಕೆಳಗ ಮಾಡು. ನಮ್ಮ ಮನ್ಯಾಗ ಹಿರ್ಯಾರ ಕಾಲದಿಂದ ಹಿಂಗ ತೊಗೊಳೋ ಪದ್ಧತಿ ಅದ."

ಸ್ನೇಹಾ ನನ್ನ ಮುಖ ನೋಡಿದಳು. ನಾನೂ ಗದ್ದ ಕೆಳಗೆ ಮಾಡಿ ನುಂಗಿದೆ.